ಸ್ನಾನದ ಟಬ್ಬಿನ ಕೊಪ್ಪರಿಗೆಯೂ ಮಲೇಷ್ಯಾ ಮಾದರಿಯ ಸರ್ಕಾರವೂ

ನಮ್ಮ ಕನ್ನಡ ಬಳಗದಲ್ಲಿ ಇಂಥವು ಆಗುತ್ತಲೇ ಇರುತ್ತವೆ. ನಗಿಸಬೇಕೆಂದು ನಾವು ಯಾರೂ ಏನೂ ಮಾಡುವವರಲ್ಲ. ಮಾಡುವುದನ್ನೆಲ್ಲ ಬಹಳ ಗಂಭೀರವಾಗಿ ಮಾಡುತ್ತೇವೆ, ತೊಂದರೆ ಶುರುವಾಗುವುದೇ ಅಲ್ಲಿ. ಅದು ವೈಟುಕೆ ಕಾಲ. ಎರಡು ಸಾವಿರದ ಇಸವಿ ಬಂದೊಡನೆ ಲೋಕದ ಕಂಪ್ಯೂಟರುಗಳೆಲ್ಲ ತಲೆಕೆಟ್ಟು ಕೂರುತ್ತವೆಂದು ಹೆದರಿ ಅಮೆರಿಕ ನಮ್ಮಂಥವರನ್ನು ವಿಮಾನ ತುಂಬಾ ಕರೆಸಿಕೊಂಡಿತ್ತು. ನಾನು ಓಲ್ಡ್ ಬ್ರಿಡ್ಜ್ ಎಂಬ ಊರಿನಿಂದ ಬೆಳಿಗ್ಗೆ ಬಸ್ಸು ಹಿಡಿದು ಮ್ಯಾನ್‌ಹಟನ್ನಿನ ಒಂದು ಬ್ಯಾಂಕಿಗೆ ಹೋಗಿ, ಎರಡಂಕಿಯ ಇಸವಿಗಳನ್ನು ನಾಲ್ಕಂಕಿ ಮಾಡಿ ಸಂಜೆ ವಾಪಸಾಗುತ್ತಿದ್ದೆ. ವಾರವಿಡೀ ಇಸವಿ ತಿದ್ದಿದವನಿಗೆ ಶನಿವಾರ ಬಳಗವೇ ಗತಿ. ಆ ಬಳಗ ಒಂದು ವರ್ಷ ಮಲೇಷ್ಯಾದ ರಾಜ್ಯವೊಂದರ ವಿಧಾನಸಭೆಯಾಗಿದ್ದ ಕಥೆ ಇದು.

ಟಬ್ಬಿನಲ್ಲಿ ಕೂತವರು ಯಾರು?

ಮೊದಲು ಕೊಪ್ಪರಿಗೆಯ ವಿಷಯ ಹೇಳಿಬಿಡುತ್ತೇನೆ. ಬಳಗದ ಹಿರಿಯರಾದ ಡಾಕ್ಟರ್ ಅಂಕಲ್ ಯಾವುದೋ ಕಾಲದಲ್ಲಿ ಊರಿನಿಂದ ಹಡಗಿನಲ್ಲಿ ತರಿಸಿದ ಹಿತ್ತಾಳೆ ಕೊಪ್ಪರಿಗೆ ಅದು. ಹಬ್ಬಕ್ಕೆ ನೂರು ಜನ ಸೇರಿದರೆ ಬಿಸಿಬೇಳೆಬಾತು ಅದರಲ್ಲೇ ಬೇಯಬೇಕು. ಬೇರೆ ಪಾತ್ರೆಯಲ್ಲಿ ಮಾಡಿದರೆ ಅದಕ್ಕೆ ಬಿಸಿಬೇಳೆಬಾತು ಎಂದು ಹೆಸರಿಡಲು ನಮ್ಮ ಆಂಟಿಯರು ಒಪ್ಪುತ್ತಿರಲಿಲ್ಲ. ಯಾರು ಅಧ್ಯಕ್ಷರೋ ಅವರ ಮನೆಯಲ್ಲಿ ಕೊಪ್ಪರಿಗೆ ಇರಬೇಕೆಂಬುದು ಬಳಗದ ಏಕೈಕ ನಿಯಮ.

ಅಧ್ಯಕ್ಷನಾಗಿದ್ದವನು ನಾನು. ಒಂದು ವರ್ಷವಲ್ಲ, ಮೂರು ವರ್ಷ. ಪ್ರತಿ ಸಲವೂ ಸಭೆಯಲ್ಲಿ ಯಾರೋ ನನ್ನ ಕಡೆ ಕೈ ತೋರಿಸುವುದು, ಎಲ್ಲರೂ ಚಪ್ಪಾಳೆ ತಟ್ಟುವುದು, ನಾನು ಬಾಯಿ ತೆರೆಯುವಷ್ಟರಲ್ಲಿ ಕಾಫಿ ಬರುವುದು. ಅವಿರೋಧ ಆಯ್ಕೆ ಎಂದರೆ ಆಯ್ಕೆಯಾದವನ ವಿರೋಧವನ್ನು ಯಾರೂ ಕೇಳದಿರುವುದು ಎಂದು ನನಗೆ ಅರ್ಥವಾದದ್ದು ಹಾಗೆ. ನಮ್ಮದು ಒಂದು ಬೆಡ್‌ರೂಮಿನ ಅಪಾರ್ಟ್‌ಮೆಂಟು. ಕೊಪ್ಪರಿಗೆ ಕ್ಲಾಸೆಟ್ ಎಂಬ ಬಟ್ಟೆ ಬೀರುವಿಗೆ ಹಿಡಿಸಲಿಲ್ಲ, ಮಂಚದ ಕೆಳಗೆ ತೂರಲಿಲ್ಲ, ಬಾಲ್ಕನಿಯಲ್ಲಿ ಇಡಲು ಕಟ್ಟಡದ ಮ್ಯಾನೇಜರ್ ಬಿಡಲಿಲ್ಲ. ಕೊನೆಗೆ ಅದು ಸರಿಯಾಗಿ ಕೂತದ್ದು ಸ್ನಾನದ ಟಬ್ಬಿನಲ್ಲಿ. ಸ್ನಾನಕ್ಕೆ ಹೋಗುವವರು ಅದನ್ನು ಎತ್ತಿ ಹೊರಗಿಡಬೇಕು, ಬಂದಮೇಲೆ ಮತ್ತೆ ಒಳಗಿಡಬೇಕು.

ಮೂರನೆಯ ವರ್ಷದ ಕೊನೆಗೆ ಹೆಂಡತಿ ಹೇಳಿದಳು: "ರೀ, ಈ ಸಲ ಯುಗಾದಿ ಎಣ್ಣೆಸ್ನಾನಕ್ಕೆ ನನಗೆ ಟಬ್ಬು ಖಾಲಿ ಬೇಕು. ಮತ್ತೆ ಅಧ್ಯಕ್ಷರಾಗಿ ಮನೆಗೆ ಬಂದ್ರೆ ಕೊಪ್ಪರಿಗೆ ಜೊತೆ ನೀವೂ ಟಬ್ಬಲ್ಲೇ ಮಲಕೊಳ್ಳಿ."

ಟಬ್ಬಿನಲ್ಲಿ ಕೊಪ್ಪರಿಗೆಗಷ್ಟೇ ಜಾಗವಿತ್ತು. ನಾನು ಆ ಕಡೆಯಿಂದ ಯೋಚಿಸಿ ತುಂಬಾ ಗಾಬರಿಯಾದೆ.

ಪೆನಾಂಗ್ ಅಂಕಲ್ ಉಪಾಯ

ಆಪದ್ಬಾಂಧವರಾಗಿ ಬಂದವರು ಪೆನಾಂಗ್ ಅಂಕಲ್. ಧಾರವಾಡದವರು. ಅಮೆರಿಕಕ್ಕೆ ಬರುವ ಮೊದಲು ಹದಿನೈದು ವರ್ಷ ಮಲೇಷ್ಯಾದ ಪೆನಾಂಗ್‌ನಲ್ಲಿ ಕಂಪ್ಯೂಟರ್ ಚಿಪ್ಪು ತಯಾರಿಸುವ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದವರು. ಅಲ್ಲಿಂದ ಅವರು ತಂದ ಆಸ್ತಿ ಎರಡು: ಒಂದು ಅನ್ನದ ಕುಕ್ಕರ್, ಇನ್ನೊಂದು ಅಲ್ಲಿನ ರಾಜ್ಯ ವಿಧಾನಸಭೆಯ ಸಂಪೂರ್ಣ ಜ್ಞಾನ. ಕುಕ್ಕರನ್ನು ಯಾರೂ ಎರವಲು ಕೇಳಿರಲಿಲ್ಲ. ಜ್ಞಾನವನ್ನು ಕೇಳಿದವನು ನಾನೇ ಮೊದಲಿಗ.

"ನೋಡ್ರಿ," ಎಂದು ಅವರು ಸಭೆಯಲ್ಲಿ ಎದ್ದು ನಿಂತರು. "ನಿಮ್ಮ ಪದ್ಧತಿಯೊಳಗ ತಪ್ಪು ಎಲ್ಲೆ ಅದ ಅಂದ್ರ, ಎಲ್ಲಾರೂ ಕೂಡಿ ಒಬ್ಬನ ಕಡೆ ಕೈ ಮಾಡ್ತೀರಿ. ಮಲೇಷ್ಯಾದಾಗ ಹಂಗಿಲ್ಲ. ರಾಜ್ಯ ಅಂದ್ರ ಒಂದೇ ಸದನ. ನಮ್ಮ ಕರ್ನಾಟಕದ್ಹಂಗ ಮ್ಯಾಲೊಂದು ಪರಿಷತ್ತು, ಕೆಳಗೊಂದು ಸಭಾ ಇಲ್ಲ. ಕ್ಷೇತ್ರಕ್ಕ ಒಬ್ಬನ್ನ ಆರಿಸಿ ಕಳಸೋದು. ಯಾರಿಗೆ ಹೆಚ್ಚು ವೋಟು, ಅಂವ ಗೆದ್ದ. ಅರ್ಧಕ್ಕಿಂತ ಹೆಚ್ಚು ಬೇಕಂತ ಏನಿಲ್ಲ."

"ಅಧ್ಯಕ್ಷರನ್ನ?" ಎಂದು ನಾನು ಆಸೆಯಿಂದ ಕೇಳಿದೆ.

"ಜನಾ ಆರಸಂಗೇ ಇಲ್ಲ. ಗೆದ್ದವರೊಳಗ ಯಾರ ಮ್ಯಾಲೆ ಹೆಚ್ಚು ಮಂದಿಗೆ ವಿಶ್ವಾಸ ಅದನೋ, ಅವನ್ನ ಸುಲ್ತಾನ ಕರೆದು ಮುಖ್ಯಮಂತ್ರಿ ಮಾಡತಾನ. ನಮ್ಮ ಪೆನಾಂಗ್‌ನಾಗ ಸುಲ್ತಾನ ಇಲ್ಲ, ಗವರ್ನರ್ ಇದ್ದ. ಬಾಜೂ ರಾಜ್ಯದಾಗ ಸುಲ್ತಾನ. ಮುಖ್ಯಮಂತ್ರಿ ತನ್ನ ಮಂತ್ರಿಗಳನ್ನ ಆರಿಸ್ಕೋತಾನ. ಐದು ವರ್ಷದ ಅವಧಿ. ಮತ್ತ ಸ್ಪೀಕರ್ ಸದನದ ಹೊರಗಿನವರೂ ಆಗಬಹುದು, ಅದು ಬ್ಯಾರೆ ಮಾತು."

ಆ ಬೇರೆ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ನಾನಂತೂ ಖಂಡಿತ ಕೇಳಿಸಿಕೊಳ್ಳಲಿಲ್ಲ. ಚುನಾವಣೆಗೇ ನಿಲ್ಲದವನು ಮುಖ್ಯಮಂತ್ರಿಯಾಗುವಂತಿಲ್ಲ ಎನ್ನುವುದಷ್ಟೇ ನನ್ನ ತಲೆಯಲ್ಲಿ ಕುಣಿಯುತ್ತಿತ್ತು. ಪಕ್ಕದಲ್ಲಿದ್ದ ಹೆಂಡತಿ ನನ್ನ ಮೊಣಕೈ ಹಿಂಡಿದಳು. ಮದುವೆಯಾದ ಮೇಲೆ ಅವಳು ಅಷ್ಟು ಪ್ರೀತಿಯಿಂದ ಹಿಂಡಿದ್ದು ಅದೇ ಎರಡನೆಯ ಸಲ.

ಸುತ್ತಲಿನ ಊರುಗಳೆಲ್ಲ ಸೇರಿ ಐದು ಕ್ಷೇತ್ರಗಳಾದವು. ಮನ್ರೋ ಒಂದು, ಎಡಿಸನ್ ಒಂದು, ಹೋಬೋಕನ್ ಒಂದು. ಓಲ್ಡ್ ಬ್ರಿಡ್ಜ್‌ನಲ್ಲಿ ಜನ ಹೆಚ್ಚಾದ್ದರಿಂದ ರೂಟ್ ನೈನ್ ರಸ್ತೆಯ ಈಚೆ ಒಂದು, ಆಚೆ ಒಂದು. ಐದು ವರ್ಷದ ಅವಧಿ ನಮಗೆ ಜಾಸ್ತಿ, ನಮ್ಮ ವೀಸಾಗಳೇ ಅಷ್ಟು ಬಾಳುವುದಿಲ್ಲ ಎಂದು ಒಂದು ವರ್ಷಕ್ಕೆ ಇಳಿಸಿದೆವು. ಆಯಾ ಕ್ಷೇತ್ರದ ನಿವಾಸಿಯೇ ಸದಸ್ಯನಾಗಿರಬೇಕು ಎಂಬ ನಿಯಮವನ್ನು ಎಡಿಸನ್‌ನವರು ಸೇರಿಸಿದರು. "ಅಲ್ಲೆ ಹಂಗಿಲ್ಲ, ರಾಜ್ಯದಾಗಿದ್ರ ಸಾಕು," ಎಂದರು ಪೆನಾಂಗ್ ಅಂಕಲ್. ಆದರೆ ಮನ್ರೋದ ದೊಡ್ಡ ಮನೆಯವರೇ ಎಲ್ಲ ಸೀಟೂ ಹೊಡೆದುಕೊಂಡಾರು ಎಂಬುದು ಎಡಿಸನ್‌ನವರ ಭಯ.

ಸುಲ್ತಾನರಾಗಿ ಡಾಕ್ಟರ್ ಅಂಕಲ್ ಅವರನ್ನು ನೇಮಿಸಿದೆವು. ವಿಷಯ ತಿಳಿಸಲು ಹೋದಾಗ ಅವರು ಒಂದೇ ಪ್ರಶ್ನೆ ಕೇಳಿದರು: "ನಿಂತುಕೊಂಡು ಭಾಷಣ ಮಾಡಬೇಕಾ? ಮಂಡಿನೋವಪ್ಪ."

ಸೋಲಲು ನಿಂತವರು

ಹೋಬೋಕನ್ ಬ್ರಹ್ಮಚಾರಿಗಳ ಕ್ಷೇತ್ರ. ನದಿ ದಾಟಿದರೆ ಆಫೀಸು, ಮನೆಗೆ ಬಂದರೆ ಪಿಜ್ಜಾ. ಅಲ್ಲಿ ಒಂದೇ ಅಪಾರ್ಟ್‌ಮೆಂಟಿನ ಇಬ್ಬರು ಹುಡುಗರು ಅಭ್ಯರ್ಥಿಗಳು. ಇಬ್ಬರೂ ತಾವಾಗಿ ನಿಂತವರಲ್ಲ. ಇವನ ಹೆಸರನ್ನು ಅವನು ಸೂಚಿಸಿದ್ದ, ಸೇಡಿಗೆ ಅವನ ಹೆಸರನ್ನು ಇವನು ಸೂಚಿಸಿದ್ದ.

ಪ್ರಚಾರ ಸಭೆ ಅವರ ಹಾಲ್‌ನಲ್ಲೇ ನಡೆಯಿತು. ಬೆಂಗಳೂರಿನ ಹುಡುಗ ಎದ್ದು, "ಫ್ರೆಂಡ್ಸ್, ನಾನು ಅನ್ನ ಇಟ್ರೆ ಸ್ಮೋಕ್ ಅಲಾರಂ ಹೊಡ್ಕೊಳ್ಳುತ್ತೆ. ನನಗೆ ವೋಟ್ ಹಾಕಿ ಸಮಾಜ ಹಾಳು ಮಾಡ್ಬೇಡಿ. ಇವನು ನೋಡಿ, ಹೀ ಈಸ್ ಎ ಬಾರ್ನ್ ಲೀಡರ್," ಎಂದು ಎದುರಾಳಿಯನ್ನು ತೋರಿಸಿದ.

ದಾವಣಗೆರೆಯ ಹುಡುಗ ಎದೆಯ ಮೇಲೆ ಕೈಯಿಟ್ಟ. "ಅಣ್ಣ ಹೇಳಿದ್ದು ಅವನ ದೊಡ್ಡತನ. ನಾನು ಕಳೆದ ರಾಜ್ಯೋತ್ಸವಕ್ಕೆ ಬರ್ತೀನಿ ಅಂತ ಹೇಳಿ ಮಲಗಿಬಿಟ್ಟಿದ್ದೆ. ಅದರ ಹಿಂದಿನ ರಾಜ್ಯೋತ್ಸವಕ್ಕೂ ಅಷ್ಟೇ. ಇಂಥವನನ್ನ ಆರಿಸ್ತೀರಾ?"

ಮತದಾರರು ಇಬ್ಬರ ಮಾತನ್ನೂ ಪೂರ್ತಿ ನಂಬಿದರು. ಅಭ್ಯರ್ಥಿಗಳು ಒಬ್ಬರಿಗೊಬ್ಬರು ವೋಟು ಹಾಕಿಕೊಂಡರು. ಎಣಿಸಿದರೆ ಸಮಸಮ. ಪೆನಾಂಗ್ ಅಂಕಲ್ ಕ್ವಾರ್ಟರ್ ನಾಣ್ಯವೊಂದನ್ನು ಮೇಲಕ್ಕೆಸೆದರು. ದಾವಣಗೆರೆ ಹುಡುಗ ಗೆದ್ದ. ಸೋತವನು ಖುಷಿಯಿಂದ ಎಲ್ಲರಿಗೂ ಪಿಜ್ಜಾ ತರಿಸಲು ಫೋನ್ ಹಿಡಿದರೆ, ಗೆದ್ದವನು ಅಂಕಲ್ ಪಕ್ಕಕ್ಕೆ ಬಂದು ಮೆಲ್ಲಗೆ, "ಅಂಕಲ್, ರೀಕೌಂಟಿಂಗ್ ಕೇಳಬಹುದಾ?" ಎಂದ.

ಪೆನಾಂಗ್ ಅಂಕಲ್ ಅವನ ಬೆನ್ನು ಸವರಿದರು. "ಮೂರು ದೇಶದ ಚುನಾವಣಾ ನೋಡೇನಪಾ. ಗೆದ್ದವ ರೀಕೌಂಟಿಂಗ್ ಕೇಳಿದ್ದು ಇದೇ ಮೊದಲು."

ವಿಶ್ವಾಸ ಯಾರ ಮೇಲೆ?

ನಮ್ಮ ಕ್ಷೇತ್ರ, ಅಂದರೆ ರೂಟ್ ನೈನ್ ಈಚೆ, ಮೈಸೂರಿನ ಗೆಳೆಯರೊಬ್ಬರನ್ನು ಆರಿಸಿ ಕಳಿಸಿತು. ಪಾಪ, ಅವರು ನಮ್ಮ ಮೇಲಿನ ಮಹಡಿಯವರು. ಅವರನ್ನು ಒಪ್ಪಿಸಲು ನಾನು ಒಂದು ವಾರ ಅವರ ಕಾರಿನ ಮೇಲಿನ ಹಿಮ ಕೆರೆದಿದ್ದೆ.

ಗೆದ್ದ ಐವರೂ ಮನ್ರೋದ ಅವರ ಮನೆಯಲ್ಲಿ ಸುಲ್ತಾನರ ಮುಂದೆ ಹಾಜರಾದರು. ಡಾಕ್ಟರ್ ಅಂಕಲ್ ಶಾಲು ಹೊದ್ದು ಸೋಫಾದಲ್ಲಿ ಕೂತು, "ಒಬ್ಬೊಬ್ಬರಾಗಿ ಹೇಳಿ, ನಿಮಗೆ ಯಾರ ಮೇಲೆ ವಿಶ್ವಾಸ?" ಎಂದರು. ಹೋಬೋಕನ್ ಹುಡುಗ ಎಡಿಸನ್‌ನವರ ಮೇಲೆ ಎಂದ. ಎಡಿಸನ್‌ನವರಿಗೆ ಮನ್ರೋದವರ ಮೇಲೆ. ಮನ್ರೋದವರಿಗೆ ರೂಟ್ ನೈನ್ ಆಚೆಯವರ ಮೇಲೆ. ಆಚೆಯವರಿಗೆ ಈಚೆಯವರ ಮೇಲೆ. ಈಚೆಯ ಮೈಸೂರಿನವರಿಗೆ ಹೋಬೋಕನ್ ಹುಡುಗನ ಮೇಲೆ. ಕೊಪ್ಪರಿಗೆಯ ಕಥೆ ಐವರಿಗೂ ಗೊತ್ತಿತ್ತು.

ಸುಲ್ತಾನರು ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು. ನಿದ್ದೆ ಎಂದುಕೊಂಡೆವು. ಆಮೇಲೆ ಕಣ್ಣು ಬಿಟ್ಟು, "ನಿಮ್ಮಲ್ಲಿ ಮಿನಿವ್ಯಾನ್ ಯಾರ ಹತ್ರ ಇದೆ?" ಎಂದು ಕೇಳಿದರು. ಮೈಸೂರಿನವರು ಹೋದ ತಿಂಗಳಷ್ಟೇ ಕೊಂಡಿದ್ದರು, ಎಲ್ಲರಿಗೂ ಕೂಗಿ ಹೇಳಿದ್ದರು ಕೂಡ. ನಾಲ್ವರೂ ಒಟ್ಟಿಗೆ, "ನಮ್ಮ ಪೂರ್ಣ ವಿಶ್ವಾಸ ಇವರ ಮೇಲೆ!" ಎಂದರು.

ಕೊಪ್ಪರಿಗೆ ಅಂದೇ ಸಂಜೆ ಮಿನಿವ್ಯಾನ್ ಹತ್ತಿ ಹೋಯಿತು. ಹೋದದ್ದು ಮೇಲಿನ ಮಹಡಿಗೇ, ಮೆಟ್ಟಿಲಿನಿಂದ ಒಯ್ಯಬಹುದಿತ್ತು. ಆದರೆ ಮುಖ್ಯಮಂತ್ರಿಗಳು ಮರ್ಯಾದೆಗೆಂದು ಕಾಂಪ್ಲೆಕ್ಸಿಗೆ ಒಂದು ಸುತ್ತು ಹಾಕಿಸಿದರು.

ಸರ್ಕಾರ ಬಿದ್ದದ್ದು

ಟಬ್ಬು ಖಾಲಿಯಾದ ಆ ದಿನಗಳ ಸುಖವನ್ನು ಏನೆಂದು ಹೇಳಲಿ. ಎಚ್-ಫೋರ್ ವೀಸಾದಲ್ಲಿ ಬಂದು, ಕೆಲಸ ಮಾಡಲು ಕಾನೂನು ಬಿಡದೆ ಮನೆಯಲ್ಲೇ ಕೂತು ಬೇಸತ್ತಿದ್ದ ಹೆಂಡತಿ ಹಾಡಿಕೊಂಡು ಟಬ್ಬು ಉಜ್ಜಿದಳು. ಯುಗಾದಿಗೆ ಊರಿನಿಂದ ಸೀಗೆಪುಡಿ ತರಿಸಿ ಡಬ್ಬಿಗೆ ತುಂಬಿಟ್ಟಳು. ನಮ್ಮ ಮಗಳು, ಆಗ ಅವಳು ಎರಡನೇ ಗ್ರೇಡು, ತನ್ನ ರಬ್ಬರ್ ಬಾತುಕೋಳಿಗಳನ್ನು ಮತ್ತೆ ನೀರಿಗಿಳಿಸಿದಳು.

ಯುಗಾದಿಗೆ ಎರಡು ವಾರ ಇರುವಾಗ ಮುಖ್ಯಮಂತ್ರಿಗಳು ನಗುನಗುತ್ತಾ ಬಂದು ಸಿಹಿ ಹಂಚಿದರು. "ಮನ್ರೋದಲ್ಲಿ ಹೊಸ ಮನೆ. ಕ್ಲೋಸಿಂಗ್ ಆಗಿ ಮನೆ ನಮ್ಮ ಹೆಸರಿಗೆ ಬಂತು!"

ಎಲ್ಲರೂ ಕೈ ಕುಲುಕಿದರು. ಪೆನಾಂಗ್ ಅಂಕಲ್ ಮಾತ್ರ ಪೇಡ ಬಾಯಲ್ಲಿಟ್ಟುಕೊಂಡೇ ಕೈ ಎತ್ತಿದರು. "ಹಂಗಾದ್ರ ನೀವು ಈಗ ರೂಟ್ ನೈನ್ ಈಚೆ ನಿವಾಸಿ ಅಲ್ಲ. ಸೀಟು ಹೋತು. ಸೀಟು ಹೋದ ಮ್ಯಾಲೆ ಮುಖ್ಯಮಂತ್ರಿ ಪದವೀನೂ ಹೋತು."

ಮಾಜಿಗಳ ಮುಖದಲ್ಲಿ ಹೊಳೆದ ಸಂತೋಷವನ್ನು ನಾನು ಮರೆಯುವಂತಿಲ್ಲ. ಅವರ ಹೆಂಡತಿ ಹೊಸ ಕಾರ್ಪೆಟ್ಟಿನ ಮನೆಗೆ ಕೊಪ್ಪರಿಗೆ ಕಾಲಿಡಕೂಡದೆಂದು ಆಗಲೇ ತಾಕೀತು ಮಾಡಿದ್ದರಂತೆ.

ಪೆನಾಂಗ್ ಅಂಕಲ್ ನಿಟ್ಟುಸಿರಿಟ್ಟರು. "ಬ್ಯಾರೆ ಕಡೆ ಸರ್ಕಾರ ಬೀಳೋದು ಪಕ್ಷ ಬದಲಿಸಿದ್ರ. ನಮ್ಮದು ಮನಿ ಬದಲಿಸಿ ಬಿತ್ತು."

ಉಪಚುನಾವಣೆ

ಖಾಲಿಯಾದದ್ದು ನಮ್ಮ ಕ್ಷೇತ್ರ. ಎಲ್ಲರೂ ನನ್ನ ಕಡೆ ನೋಡಿದರು. ಯಾರೋ ಕೈ ತೋರಿಸಿದರು. ಇನ್ನೇನು ಚಪ್ಪಾಳೆ ಬೀಳಬೇಕು, ಹೆಂಡತಿ ಎದ್ದು ನಿಂತಳು.

"ಚಪ್ಪಾಳೆಯಿಂದ ಆಗಲ್ಲ, ವೋಟಿಂದ ಆಗಬೇಕು. ಇವರ ವಿರುದ್ಧ ನಾನು ನಿಲ್ತೀನಿ."

ಮನೆಗೆ ಬಂದಮೇಲೆ ಕೇಳಿದೆ, "ಅಲ್ವೇ, ನೀನು ಗೆದ್ದರೂ ಕೊಪ್ಪರಿಗೆ ಬರೋದು ಇದೇ ಮನೆಗಲ್ವಾ?"

"ನಿಮಗೆ ಮೂರು ವರ್ಷ ಅಧಿಕಾರ ಇತ್ತು, ನಿಯಮ ಬದಲಾಯಿಸೋಕೆ ತೋಚಲಿಲ್ಲ. ನಂಗೆ ಮೂರು ನಿಮಿಷ ಸಾಕು," ಎಂದಳು. ಊಟಕ್ಕೆ ಬಡಿಸುತ್ತಾ ಸೇರಿಸಿದಳು: "ನಿಮ್ಮ ವೋಟೂ ನಂಗೇ ಹಾಕಬೇಕು."

ಅವಳ ಪ್ರಚಾರ ಸರಳವಾಗಿತ್ತು. ಮನೆಮನೆಗೆ ಹೋಗಿ, "ನಮ್ಮೆಜಮಾನರಿಗೆ ವೋಟು ಹಾಕಬೇಡಿ, ಅವರು ಯಾರಿಗೂ ಇಲ್ಲ ಅನ್ನಲ್ಲ," ಎನ್ನುತ್ತಿದ್ದಳು. ಹದಿನೈದು ವೋಟಿನಲ್ಲಿ ಅವಳಿಗೆ ಹದಿನಾಲ್ಕು ಬಂತು. ನನಗೆ ಒಂದು. ಆ ಒಂದು ನನ್ನದಲ್ಲವೆಂದು ಇಂದಿಗೂ ಆಣೆ ಮಾಡುತ್ತಿದ್ದೇನೆ, ಇಂದಿಗೂ ಅವಳು ನಂಬಿಲ್ಲ.

ಸುಲ್ತಾನರು ಐವರನ್ನೂ ಕರೆಸಿ ಮತ್ತೆ ವಿಶ್ವಾಸದ ಪ್ರಶ್ನೆ ಕೇಳಿದರು. ನಾಲ್ವರು ಬೇರೆಯವರ ಹೆಸರು ಹೇಳಲು ಬಾಯಿ ತೆರೆಯುವಷ್ಟರಲ್ಲಿ ನನ್ನ ಹೆಂಡತಿ, "ನನಗೆ ನನ್ನ ಮೇಲೇ ವಿಶ್ವಾಸ," ಎಂದಳು. ಇಂಥ ಉತ್ತರ ಬಳಗದ ಚರಿತ್ರೆಯಲ್ಲೇ ಯಾರೂ ಕೊಟ್ಟಿರಲಿಲ್ಲ. ನಾಲ್ವರೂ ಕೂಡಲೇ ಅವಳ ಹೆಸರನ್ನೇ ಹೇಳಿದರು. ಡಾಕ್ಟರ್ ಅಂಕಲ್ ಮಂಡಿನೋವು ಮರೆತು ಎದ್ದು ನಿಂತರು.

ಮೊದಲ ಆಜ್ಞೆ

ಎಡಿಸನ್‌ನ ಹಾಲ್ ಒಂದರಲ್ಲಿ ಸದನ ಸೇರಿತು. ಮುಖ್ಯಮಂತ್ರಿ ಮೊದಲ ನಿರ್ಣಯ ಓದಿದಳು: "ಇನ್ನುಮುಂದೆ ಕೊಪ್ಪರಿಗೆ ಮುಖ್ಯಮಂತ್ರಿಯ ಮನೆಯಲ್ಲಿ ಇರತಕ್ಕದ್ದಲ್ಲ. ಅದು ಇಡೀ ಸದನದ ಆಸ್ತಿ." ಅವಿರೋಧವಾಗಿ ಅಂಗೀಕಾರವಾಯಿತು. ಅವಳು ಪ್ರೇಕ್ಷಕರ ಸಾಲಿನಲ್ಲಿದ್ದ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ನಿಜ ಹೇಳುತ್ತೇನೆ, ಆ ಕ್ಷಣ ಅವಳ ಮೇಲೆ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಪಕ್ಕದವರಿಗೆ "ನನ್ನ ಹೆಂಡತಿ" ಎಂದು ಪರಿಚಯ ಹೇಳಿದೆ. ಅವರಿಗೆ ನಾಲ್ಕು ವರ್ಷದಿಂದ ಗೊತ್ತಿತ್ತು.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಗಂಡ ತನ್ನ ಎದುರೇ ಸೋತು ಕೂತಿದ್ದಾನೆ ಎಂದು ಅವಳಿಗೆ ಕನಿಕರ ಬಂತು. "ಇಷ್ಟು ದಿನ ಸ್ಪೀಕರ್ ಕೆಲಸ ಪೆನಾಂಗ್ ಅಂಕಲ್ ನೋಡಿಕೊಂಡಿದ್ದಾರೆ. ಅವರಿಗೆ ದಣಿವಾಗಿದೆ. ಸ್ಪೀಕರ್ ಹೊರಗಿನವರೂ ಆಗಬಹುದಂತೆ. ನಮ್ಮೆಜಮಾನರನ್ನೇ ಮಾಡೋಣ. ಬರೀ ಗೌರವದ ಕುರ್ಚಿ, ಮನೆಗೆ ಏನೂ ತರೋ ಹಾಗಿಲ್ಲ," ಎಂದಳು.

ಅದೇ ಹಳೆಯ ಚಪ್ಪಾಳೆ. ನಾನು ಬಾಯಿ ತೆರೆಯುವಷ್ಟರಲ್ಲಿ ಕಾಫಿ ಬಂತು. ಕುರ್ಚಿಯಲ್ಲಿ ಕೂತೆ. ಪೆನಾಂಗ್ ಅಂಕಲ್ ಬಹಳ ವಿನಯದಿಂದ ಎದ್ದು ನಿಂತರು.

"ಮಾನ್ಯ ಸ್ಪೀಕರ್‌ರೇ, ಒಂದು ಸಣ್ಣ ಮಾತು. ಅಲ್ಲೆ ಪ್ರತಿ ಸದನಕ್ಕ ಒಂದು ರಾಜದಂಡ ಇರತದ. ಅದು ಮುಂದಿಲ್ಲದ ಸದನಾ ನಡಿಯಂಗಿಲ್ಲ. ನಮ್ಮ ಸದನದ ಆಸ್ತಿ ಅಂದ್ರ ಈಗ ಒಂದೇ ಅದ. ಅದರ ಜೋಪಾನ ಸ್ಪೀಕರ್‌ರದೇ ಅಲ್ಲೇನ್ರಿ?"

ಸದನ ಮುಖ್ಯಮಂತ್ರಿಯ ಕಡೆ ನೋಡಿತು. ಮುಖ್ಯಮಂತ್ರಿ ತನ್ನ ನಿರ್ಣಯದ ಕಡೆ ನೋಡಿಕೊಂಡಳು. ಆ ಸಂಜೆ ಮಿನಿವ್ಯಾನ್ ನಮ್ಮ ಬಾಗಿಲಿಗೆ ಬಂತು.

ಯುಗಾದಿ

ಹಬ್ಬದ ಬೆಳಿಗ್ಗೆ ಟಬ್ಬಿನ ತುಂಬ ಕೊಪ್ಪರಿಗೆ. ನಾನು ಎತ್ತಲು ಹೋದರೆ ಹೆಂಡತಿ ತಡೆದಳು. ತಲೆಗೆ ಎಣ್ಣೆ ಇಟ್ಟುಕೊಂಡು, ಕೈಯಲ್ಲಿ ಸೀಗೆಪುಡಿ ಡಬ್ಬಿ ಹಿಡಿದು ಅದನ್ನೇ ದಿಟ್ಟಿಸುತ್ತಿದ್ದಳು.

"ಇರಲಿ ಬಿಡಿ. ನಮ್ಮಜ್ಜಿ ಮನೇಲಿ ಹಬ್ಬದ ನೀರು ಇಂಥದ್ದರಲ್ಲೇ ಕಾಯ್ತಿತ್ತು," ಎಂದವಳೇ ಬಿಸಿನೀರಿನ ನಲ್ಲಿ ತಿರುಗಿಸಿದಳು.

ಕೊಪ್ಪರಿಗೆ ತುಂಬ ಹಬೆಯಾಡುವ ನೀರು. ಅಮೆರಿಕಕ್ಕೆ ಬಂದಮೇಲೆ ಮೊದಲ ಬಾರಿಗೆ ನಮ್ಮ ಮನೆಯಲ್ಲಿ ಚೊಂಬಿನಲ್ಲಿ ಮೊಗೆದು ಮೊಗೆದು ಸುರಿದುಕೊಳ್ಳುವ ಸ್ನಾನ ನಡೆಯಿತು. ಸೀಗೆಪುಡಿಯನ್ನು ಕೊಪ್ಪರಿಗೆಯ ಅಂಚಿನಲ್ಲೇ ಕಲಸಿದ್ದಾಯಿತು. ಮಗಳು ಕಣ್ಣುರಿ ಎಂದು ಕಿರುಚಿ, ಆಮೇಲೆ "ಒನ್ ಮೋರ್! ಒನ್ ಮೋರ್!" ಎಂದು ಕುಣಿದಳು. ನನ್ನ ಸರದಿಯೂ ಮುಗಿದು ತಲೆ ಒರೆಸಿಕೊಳ್ಳುತ್ತಿರುವಾಗ ಬಾಗಿಲು ಬಡಿದ ಸದ್ದು. ಹೋಬೋಕನ್ ಹುಡುಗರಿಬ್ಬರೂ ನಿಂತಿದ್ದರು. "ಆಂಟಿ, ಕೊಪ್ಪರಿಗೆ. ಎಡಿಸನ್‌ನಲ್ಲಿ ಬೇಳೆ ಕಾಯ್ತಾ ಇದೆ, ಲೇಟ್ ಆಗ್ತಿದೆ."

ಹೆಂಡತಿ ಹುಣಸೆಹಣ್ಣು, ಉಪ್ಪು ಹಾಕಿ ಗಸಗಸ ತಿಕ್ಕಿ, ಮೂರು ಸಲ ತೊಳೆದೇ ಕೊಟ್ಟಳು. ಅದಕ್ಕೆ ನಾನು ಸಾಕ್ಷಿ.

ಮಧ್ಯಾಹ್ನ ಹಾಲ್ ತುಂಬಿತ್ತು. ಬೇವುಬೆಲ್ಲ ಆಯಿತು. ಬಿಸಿಬೇಳೆಬಾತಿನ ಮುಚ್ಚಳ ತೆಗೆದರು. ಮೊದಲ ತುತ್ತು ಬಾಯಿಗಿಟ್ಟ ಡಾಕ್ಟರ್ ಅಂಕಲ್ ತಟ್ಟೆ ಕೆಳಗಿಟ್ಟರು. ನಾನು ಹೆಂಡತಿಯ ಕಡೆ ನೋಡಿದೆ.

"ಇದರಲ್ಲಿ ಏನೋ ಇದೆ," ಎಂದರು ಅವರು. ಅವರ ಕಣ್ಣು ಒದ್ದೆಯಾಗಿತ್ತು. "ಮೂವತ್ತು ವರ್ಷ ಆಯ್ತು ನಾನು ಈ ದೇಶಕ್ಕೆ ಬಂದು. ನಂಜನಗೂಡಿನ ನಮ್ಮ ಮನೆ, ಹಬ್ಬದ ದಿನ ಬೆಳಿಗ್ಗೆ... ಹಾಗೇ ಕಣ್ಣ ಮುಂದೆ ಬಂತಪ್ಪ."

ಪೆನಾಂಗ್ ಅಂಕಲ್ ತಟ್ಟೆಯನ್ನು ಮೂಗಿನ ಹತ್ತಿರ ತಂದರು. "ಹೌದ್ರೀ ಸುಲ್ತಾನರ! ನಮ್ಮವ್ವ ಹಬ್ಬದ ಮುಂಜಾನೆ ನಮ್ಮನ್ನ ಹಿಡಿದು ಕೂಡಿಸಿದಾಗ ಬರತಿತ್ತಲಾ, ಅದೇ ಘಮಾ. ಪೆನಾಂಗ್‌ನಾಗ ಹದಿನೈದು ವರ್ಷ ಹುಡುಕೇನಿ, ಸಿಕ್ಕಿಲ್ಲ. ಏನ ಹಾಕೀರಿ ತಂಗಿ ಇದರಾಗ?"

"ಮನೆ ಪುಡಿ ಅಂಕಲ್," ಎಂದಳು ಮುಖ್ಯಮಂತ್ರಿ, ನೆಲ ನೋಡುತ್ತಾ. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಆಂಟಿಯರು ಸುತ್ತುವರಿದರು. ರೆಸಿಪಿ ಬೇಕು, ಪುಡಿ ಬೇಕು, ಅಳತೆ ಬೇಕು. ಎಲ್ಲರೂ ಎರಡನೆಯ ಸಲ ಬಡಿಸಿಕೊಂಡರು. ಹೋಬೋಕನ್ ಹುಡುಗರು ಮೂರನೆಯ ಸಲ. ಅಷ್ಟು ಜನ ಊರನ್ನು ನೆನೆದು ಮೂಗೊರೆಸಿಕೊಳ್ಳುವುದನ್ನು ನೋಡಿ ನಾನೂ ಒರೆಸಿಕೊಂಡೆ. ತಪ್ಪಿತಸ್ಥರಲ್ಲಿ ನಾನೂ ಒಬ್ಬನಾಗಿದ್ದರೂ ಒರೆಸಿಕೊಂಡೆ.

ಆಗ ನಮ್ಮ ಮಗಳು ತಟ್ಟೆಗೆ ಮೂಗಿಟ್ಟಳು. ಆಮೇಲೆ ತನ್ನ ಜಡೆಯ ತುದಿ ಹಿಡಿದು ಮೂಗಿಗಿಟ್ಟಳು. ಮತ್ತೆ ತಟ್ಟೆ. ಮತ್ತೆ ಜಡೆ. ಇಡೀ ಹಾಲಿಗೆ ಕೇಳುವಂತೆ ಕೂಗಿದಳು:

"ಅಮ್ಮಾ! ದಿಸ್ ಸ್ಮೆಲ್ಸ್ ಲೈಕ್ ಮೈ ಹೇರ್!"

ನಾನು ತಟ್ಟೆ ಕೈಯಲ್ಲಿ ಹಿಡಿದೇ ಎದ್ದು ನಿಂತೆ. ಸ್ಪೀಕರ್ ಆದಮೇಲೆ ನಾನು ಚಲಾಯಿಸಿದ ಮೊದಲ ಅಧಿಕಾರ ಅದು, ಕೊನೆಯದೂ ಅದೇ.

"ಈ ಮಾತನ್ನು ಕಡತದಿಂದ ತೆಗೆದುಹಾಕಿ!"